ವ್ಯಾಕರಣ ಪಾಠದಲ್ಲೇ ಸುದ್ದಿಯನ್ನು ಪ್ರಶ್ನಿಸಲಿ

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಕಲಿಯುವವರಿಗೆ ಸುದ್ದಿ, ಜಾಹೀರಾತುಗಳನ್ನು ಪ್ರಶ್ನಿಸಿ ಓದುವುದನ್ನೂ ಕಲಿಸೋಣ ಎಂದರೆ, 'ಮೊದಲು ಭಾಷೆ ಬರಲಿ, ಆಮೇಲೆ ನೋಡೋಣ' ಎನ್ನುವ ಸಹೋದ್ಯೋಗಿಗಳೇ ಜಾಸ್ತಿ. ಇಂಗ್ಲಿಷ್ ಪಾಠ ಮಾಡುವ ನನಗೆ ಈ ಮಾತು ಒಪ್ಪಿಗೆಯಿಲ್ಲ.

ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಪಾಠವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ವಾಕ್ಯ ತಿರುಗಿಸಿ ಬರೆಸುತ್ತೇವೆ, ಅಂಕ ಕೊಡುತ್ತೇವೆ, ಮುಗಿಯಿತು. ನಾನು ಬೋರ್ಡಿನ ಮೇಲೆ ಎರಡು ಸಾಲು ಬರೆಯುತ್ತೇನೆ: 'ಪೊಲೀಸ್ ಶಾಟ್ ಟು ಪ್ರೊಟೆಸ್ಟರ್ಸ್' (ಪೊಲೀಸರು ಇಬ್ಬರು ಪ್ರತಿಭಟನಕಾರರಿಗೆ ಗುಂಡು ಹಾರಿಸಿದರು), 'ಟು ಪ್ರೊಟೆಸ್ಟರ್ಸ್ ವರ್ ಶಾಟ್' (ಇಬ್ಬರು ಪ್ರತಿಭಟನಕಾರರಿಗೆ ಗುಂಡು ಹಾರಿಸಲಾಯಿತು). ಎರಡನೆಯದರಲ್ಲಿ ಗುಂಡು ಹಾರಿಸಿದವರು ಯಾರು ಎಂದು ಕೇಳುತ್ತೇನೆ. ಎಲ್ಲರೂ ಸಾಲನ್ನು ಮತ್ತೆ ಓದುತ್ತಾರೆ. 'ಅವರೇ ಕಾಣ್ತಿಲ್ಲ ಮಿಸ್' ಎಂದು ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ. ವರದಿಗಾರರಿಗೆ ಇನ್ನೂ ಗೊತ್ತಾಗಿರಲಿಲ್ಲವೋ, ಗೊತ್ತಿದ್ದೂ ಬಿಟ್ಟರೋ? ಪೂರ್ತಿ ಸುದ್ದಿ ಓದದೆ ಹೇಳಲಾಗದು. ಹಾಗಾಗಿ ಓದುತ್ತಾರೆ, ಜಗಳವಾಡುತ್ತಾರೆ, ಅದೂ ಇಂಗ್ಲಿಷ್‌ನಲ್ಲೇ. 'ಆಗಬಹುದು' ಎಂಬರ್ಥದ 'ಮೇ', 'ಕುಡ್' ಪಾಠವೂ ಹಾಗೇ. 'ಈ ಔಷಧ ನೆರವಾಗಬಹುದು' ಎಂಬ ವರದಿ ಫಾರ್ವರ್ಡ್ ಆಗುತ್ತಾ 'ವಾಸಿ ಮಾಡುತ್ತದೆ' ಎಂದಾಗುವುದನ್ನು ಅಲ್ಲೇ ತೋರಿಸಬಹುದು.

ಹೊಸದಾಗಿ ಭಾಷೆ ಕಲಿಯುವವರು ಅರ್ಥ ಹುಡುಕುವುದರಲ್ಲೇ ಸುಸ್ತಾಗಿರುತ್ತಾರೆ. ಅರ್ಥವಾಯಿತಲ್ಲ ಎಂಬ ಖುಷಿಯಲ್ಲಿ 'ಇದು ನಿಜವಾ?' ಎಂದು ಕೇಳುವುದು ಮರೆತೇ ಹೋಗುತ್ತದೆ. ಹಾಗಂತ ಭಾಷೆ ಬಂದವರೆಲ್ಲ ಪಾರಾಗುತ್ತಾರೆಯೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಒಂದು ವರದಿ ಕೊಟ್ಟಿತು. ಅವರು ಪರೀಕ್ಷಿಸಿದ ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿ, 'ಸ್ಪಾನ್ಸರ್ಡ್ ಕಂಟೆಂಟ್' (ಪ್ರಾಯೋಜಿತ ಬರಹ) ಎಂದು ಬರೆದಿದ್ದರೂ ಜಾಹೀರಾತನ್ನು ಸುದ್ದಿ ಎಂದೇ ನಂಬಿದ್ದರು. ಇಂಗ್ಲಿಷ್‌ನಲ್ಲೇ ಓದಿ ಬೆಳೆದ ದೇಶದ ಮಕ್ಕಳ ಕತೆ ಇದು!

ಶಿಕ್ಷಕರಾದ ನಾವೇನೂ ಇದರಿಂದ ಹೊರತಲ್ಲ. ಅದೇ ವಿಶ್ವವಿದ್ಯಾಲಯದ ಮತ್ತೊಂದು ಅಧ್ಯಯನದಲ್ಲಿ ಪಿಎಚ್‌ಡಿ ಮಾಡಿದ ಇತಿಹಾಸಕಾರರೇ ವೆಬ್ ಪುಟಗಳ ಅಚ್ಚುಕಟ್ಟಾದ ಲೋಗೊ, ವಿಳಾಸ ನೋಡಿ ಯಾಮಾರಿದ್ದರು. ಫ್ಯಾಕ್ಟ್‌ಚೆಕ್ (ಸುದ್ದಿ ನಿಜವೋ ಸುಳ್ಳೋ ಎಂಬ ಪರಿಶೀಲನೆ) ಮಾಡುವವರು ಮಾತ್ರ ಆ ಪುಟದಲ್ಲಿ ಕೂರದೆ ಬೇರೆ ಟ್ಯಾಬ್ ತೆರೆದು, ಪುಟ ನಡೆಸುವವರ ಬಗ್ಗೆ ಉಳಿದವರು ಏನು ಹೇಳುತ್ತಾರೆ ಎಂದು ನೋಡಿದರು. ಕಲಿಯಲು ಕಷ್ಟದ ವಿದ್ಯೆಯೇನಲ್ಲ, ಅಲ್ವಾ?

ಮಾಧ್ಯಮಗಳನ್ನು ಹೀಗೆ ಪ್ರಶ್ನಿಸಿ ಓದುವುದನ್ನು ಕಲಿಸಲು ಶಿಕ್ಷಕರಿಗಾಗಿಯೇ ಯುನೆಸ್ಕೊ 2011ರಲ್ಲಿ ಒಂದು ಪಠ್ಯಕ್ರಮ ಪ್ರಕಟಿಸಿದೆ. ತರಬೇತಿ ಎಂದರೆ ಸುಮ್ನೆ ಸ್ಲೈಡ್ ತೋರಿಸಿ ಕಳಿಸುವ ಬದಲು, ನಮ್ಮ ಕೈಗೇ ಒಂದು ಅನುಮಾನಾಸ್ಪದ ಪುಟ ಕೊಟ್ಟು ಪತ್ತೆ ಮಾಡಿಸಲಿ. ಪ್ರಶ್ನೆಪತ್ರಿಕೆ ಮಾಡುವವರಲ್ಲೂ ಒಂದು ಮನವಿ: ಗದ್ಯಭಾಗ ಕೊಟ್ಟು ಸಾರಾಂಶ ಕೇಳಿದ ಮೇಲೆ, 'ಇದನ್ನು ಬರೆದವರು ಯಾರು, ಯಾರ ಮಾತನ್ನು ಬಿಟ್ಟಿದ್ದಾರೆ?' ಎಂದು ಎರಡು ಅಂಕಕ್ಕಾದರೂ ಕೇಳಿ.

– ಒಬ್ಬ ಇಂಗ್ಲಿಷ್ ಶಿಕ್ಷಕಿ