ಹಳೆಯ ಪಿಕಪ್‌ಗಳಿಗೂ ವಿಂಟೇಜ್ ಮಾನ್ಯತೆ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರನಾದ ನಾನು, 1972ರಲ್ಲಿ ಮೊದಲು ನೋಂದಣಿಯಾದ ಮಹೀಂದ್ರ ಎಫ್‌ಸಿ 150 ಪಿಕಪ್ ಒಂದನ್ನು ಕೊಂಡು, ಎರಡು ಮಳೆಗಾಲ ಕಳೆಯುವಷ್ಟು ಕಾಲ ಅದರ ಹಿಂದೆ ಬಿದ್ದು, ಮೂಲ ಸ್ಥಿತಿಗೆ ತಂದು ನಿಲ್ಲಿಸಿದ್ದೇನೆ. ಐವತ್ತು ವರ್ಷ ದಾಟಿದ, ಇಂಜಿನ್ನು ಚಾಸಿಗಳೆರಡೂ ಕಂಪನಿಯಿಂದ ಹೊರಬಂದಾಗಿನವೇ ಆಗಿರುವ ಈ ಗಾಡಿಯನ್ನು ವಿಂಟೇಜ್ ವಾಹನವೆಂದು ನೋಂದಾಯಿಸಲು ಸಾರಿಗೆ ಕಚೇರಿಯೊಂದಕ್ಕೆ ಹೋದಾಗ, ಇದು ಸರಕು ವಾಹನವಾದ್ದರಿಂದ ಆಗುವುದಿಲ್ಲ ಎಂಬ ಉತ್ತರ ಬಂತು. ಉತ್ತರ ಕೊಟ್ಟ ಸಿಬ್ಬಂದಿಯ ಮೇಲೆ ನನಗೆ ದೂರಿಲ್ಲ, ನಿಯಮ ಇರುವುದೇ ಹಾಗೆ. ಆ ನಿಯಮ ಬದಲಾಗಬೇಕು ಎಂದು ಕೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ಹಳೆಯ ವಾಹನಗಳಿಗೆಂದೇ ಪ್ರತ್ಯೇಕ ನೋಂದಣಿ ವ್ಯವಸ್ಥೆ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ಕಳೆದಿರುವ, ಮೂಲ ರೂಪ ಉಳಿಸಿಕೊಂಡಿರುವ, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರದ ವಾಹನಕ್ಕೆ 20,000 ರೂಪಾಯಿ ಶುಲ್ಕ ಕಟ್ಟಿ ‘ವಿಎ’ ಅಕ್ಷರಗಳಿರುವ ವಿಶೇಷ ನಂಬರ್ ಪಡೆಯಬಹುದು. ಮೊದಲೇ ನೋಂದಣಿ ಇರುವ ಗಾಡಿ ತನ್ನ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಈ ನೋಂದಣಿಯ ಅವಧಿ 10 ವರ್ಷ. ಇದಕ್ಕೆ ಪ್ರತಿಯಾಗಿ ಮಾಲೀಕರು ಆ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬೇಕು. ಈ ಷರತ್ತುಗಳನ್ನು ನಾನು ಮನಸಾರೆ ಒಪ್ಪುತ್ತೇನೆ. ತೊಡಕಿರುವುದು ವ್ಯಾಖ್ಯೆಯಲ್ಲಿ. ದ್ವಿಚಕ್ರ ವಾಹನಗಳ ಎಲ್1, ಎಲ್2 ವರ್ಗಗಳನ್ನೂ ಕಾರುಗಳು ಸೇರುವ ಎಂ1 ವರ್ಗವನ್ನೂ ಹೆಸರಿಸಿರುವ ನಿಯಮವು, ಒಟ್ಟು ತೂಕ 3,500 ಕಿಲೋ ಮೀರದ ಸರಕು ವಾಹನಗಳ ಎನ್1 ವರ್ಗವನ್ನು ಕೈಬಿಟ್ಟಿದೆ. ಹೀಗಾಗಿ ಅದೇ ವರ್ಷದ, ಅದೇ ಕಂಪನಿಯ ಜೀಪಾಗಿದ್ದರೆ ವಿಂಟೇಜ್ ಎನಿಸಿಕೊಳ್ಳುತ್ತಿದ್ದ ಗಾಡಿ, ಹಿಂದೆ ಮೂಟೆ ಹೊರುವ ಬಾಡಿ ಇದೆ ಎಂಬ ಒಂದೇ ಕಾರಣಕ್ಕೆ ಬರೀ ಹಳೆಯ ಸರಕು ಗಾಡಿಯಾಗಿ ಉಳಿಯುತ್ತದೆ.

ಮಲೆನಾಡಿನವರಿಗೆ ಇದು ಸಣ್ಣ ಸಂಗತಿಯಲ್ಲ. ನಗರಗಳ ಶ್ರೀಮಂತರ ಮನೆಗಳಲ್ಲಿ ಉಳಿದಿರುವ ಕಾರುಗಳು ಚಂದವೇ. ಆದರೆ ನಮ್ಮ ಊರುಗಳ ಚರಿತ್ರೆ ಕಾರಿನಲ್ಲಿ ಓಡಾಡಿದ್ದಲ್ಲ. ವಿಲ್ಲೀಸ್ ಜೀಪುಗಳನ್ನು ತಯಾರಿಸುತ್ತಿದ್ದ ಮಹೀಂದ್ರ ಕಂಪನಿ 1965ರಲ್ಲಿ ಎಫ್‌ಸಿ 150 ಅನ್ನು ನಮ್ಮಲ್ಲಿ ತಯಾರಿಸಲು ತೊಡಗಿತು. ಮೂತಿಯೇ ಇಲ್ಲದ ಗಾಡಿ ಅದು. ಚಾಲಕ ಮುಂದಿನ ಚಕ್ರದ ಮೇಲೆಯೇ ಕೂರುತ್ತಾನೆ, ಇಂಜಿನ್ನು ಎರಡು ಸೀಟುಗಳ ನಡುವೆ ಕ್ಯಾಬಿನ್ನಿನ ಒಳಗೇ ಮುಚ್ಚಳದ ಅಡಿ ಇರುತ್ತದೆ. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 81 ಇಂಚು ಮಾತ್ರ; ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಫೋರ್‌ವ್ಹೀಲ್ ಬೇರೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಾಗಲಿ, ಜೂನ್ ತಿಂಗಳ ಕೆಸರಿನ ತೋಟದ ದಾರಿಯಲ್ಲಾಗಲಿ ಲಾರಿ ಹೋಗಲಾರದ ಕಡೆ ಇಂಥ ಗಾಡಿಗಳು ಹೋಗುತ್ತಿದ್ದವು. ಶಿವಮೊಗ್ಗದ ಮಂಡಿಗೆ ಅಡಿಕೆ ಚೀಲ, ಬೆಟ್ಟದಿಂದ ತೋಟಕ್ಕೆ ಸೊಪ್ಪು ದರಗು, ಮದುವೆ ಮನೆಗೆ ದಿಬ್ಬಣ, ಮೇಳದವರ ಪೆಟ್ಟಿಗೆ, ರಾತ್ರಿ ಹೊತ್ತು ಹೆರಿಗೆ ನೋವಿನ ಹೆಂಗಸು, ಎಲ್ಲವನ್ನೂ ಈ ಪಿಕಪ್‌ಗಳು ಹೊತ್ತಿವೆ. ನಾನು ಹುಟ್ಟಿದ ಮೂರನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂದದ್ದು ಪಕ್ಕದ ಮನೆಯವರ ಪಿಕಪ್‌ನ ಮುಂದಿನ ಸೀಟಿನಲ್ಲಿ, ಅಮ್ಮನ ಮಡಿಲಲ್ಲಿ.

ನಾನು ಕೊಂಡ ಗಾಡಿ ತೀರ್ಥಹಳ್ಳಿ ಕಡೆಯ ಮನೆಯೊಂದರ ಕೊಟ್ಟಿಗೆಯ ಪಕ್ಕ ಹದಿನಾರು ವರ್ಷ ನಿಂತಿತ್ತು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ ‘ಎಂವೈ’ ನಂಬರ್ ಫಲಕ ಅದರ ಮೇಲೆ ಹಾಗೆಯೇ ಇತ್ತು. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳಿದ್ದ ಬೆಲೆಯ ಎರಡು ಪಟ್ಟು ಕೊಟ್ಟು ತಂದೆ. ಇಂಥ ಗಾಡಿ ಕೊಳ್ಳಬೇಕೆಂದಿರುವವರಿಗೆ ಅನುಭವದ ಒಂದು ಮಾತು ಹೇಳಬಯಸುತ್ತೇನೆ: ಬಣ್ಣವನ್ನೂ ಇಂಜಿನ್ನಿನ ಸದ್ದನ್ನೂ ಆಮೇಲೆ ನೋಡಿ, ಮೊದಲು ಚಾಸಿ ನಂಬರ್ ನೋಡಿ. ಸೀಮೆಎಣ್ಣೆ ಹಾಕಿ ಎಮರಿ ಕಾಗದದಿಂದ ಮೆಲ್ಲಗೆ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ಲಿನಿಂದ ತೀಡಿ, ಮೂಡಿದ ಅಚ್ಚನ್ನು ಆರ್‌ಸಿ ಪುಸ್ತಕದ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಬೇಕು. ನಾನು ಮೊದಲು ನೋಡಿದ್ದ ಇನ್ನೊಂದು ಪಿಕಪ್‌ನಲ್ಲಿ ಒಂದು ಅಂಕಿ ತಪ್ಪಿತ್ತು; ಬರೆಯುವಾಗ ಆದ ತಪ್ಪೋ ಬೇರೆ ಚಾಸಿಯೋ ತಿಳಿಯುವ ದಾರಿ ಇಲ್ಲದೆ ಅದನ್ನು ಬಿಟ್ಟು ಬರಬೇಕಾಯಿತು.

ಇನ್ನು ತುಕ್ಕಿನ ವಿಷಯ. ನಮ್ಮಲ್ಲಿ ಗಾಡಿಗಳನ್ನು ಕೊಲ್ಲುವುದು ಓಟವಲ್ಲ, ಮಳೆ. ಎಡಗಡೆಯ ಬಾಗಿಲನ್ನು ಬಿಚ್ಚಿ ನೆಲದ ಮೇಲೆ ಮಲಗಿಸಿದಾಗ ಒಳಗೆ ಏನೋ ಗಲಗಲ ಅಂದಿತು. ಬಾಗಿಲಿನ ತಳದಲ್ಲಿ ನೀರು ಸೋರಿ ಹೋಗಲೆಂದು ಕಿರುಬೆರಳ ಗಾತ್ರದ ತೂತುಗಳಿರುತ್ತವೆ. ಒಣಗಿದ ಅಡಿಕೆ ಸಿಪ್ಪೆಯ ನಾರು, ಕೆಮ್ಮಣ್ಣು, ಕೊಳೆತ ಎಲೆ ಸೇರಿ ಗಟ್ಟಿಯಾಗಿ ಆ ತೂತುಗಳನ್ನೆಲ್ಲ ಮುಚ್ಚಿದ್ದವು. ಗಾಜಿನ ಸಂದಿಯಿಂದ ಇಳಿದ ನೀರು ಹೊರಹೋಗಲು ದಾರಿಯಿಲ್ಲದೆ ವರ್ಷಗಟ್ಟಲೆ ಅಲ್ಲೇ ನಿಂತು, ಹೊರಗೆ ಬಣ್ಣ ಹೊಳೆಯುತ್ತಿದ್ದ ತಗಡು ಒಳಗಿನಿಂದ ಹಪ್ಪಳದಂತಾಗಿತ್ತು. ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ಎತ್ತಿದರೆ ಎಣ್ಣೆ ಡಬ್ಬದ ತಗಡನ್ನು ಡಾಂಬರಿನಲ್ಲಿ ಅಂಟಿಸಿದ್ದು ಕಂಡಿತು. ಈ ಕೆಲಸವನ್ನು ಮೊದಲು ಒಪ್ಪಿಸಿದ ಟಿಂಕರಿಂಗ್ ಅಂಗಡಿಯವರು ಕೊಳೆತ ತಗಡನ್ನು ಕತ್ತರಿಸಿ ತೆಗೆಯದೆ, ಅದರ ಮೇಲೆಯೇ ಅರ್ಧ ಬೆರಳು ದಪ್ಪ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಟ್ಟರು. ದೀಪಾವಳಿಗೆ ಮನೆಗೆ ಬಂದ ಗಾಡಿಯ ಮೇಲೆ ಮರುವರ್ಷದ ಆರಿದ್ರಾ ಮಳೆಗೆ ಗುಳ್ಳೆಗಳೆದ್ದವು. ಹಣ ಹೋದದ್ದಕ್ಕಿಂತ, ಮತ್ತೆ ಕೆರೆದು ತೆಗೆಯುವಾಗ ಒಳ್ಳೆಯ ತಗಡೂ ಒಂದಿಷ್ಟು ಹೋಯಿತಲ್ಲ ಎಂಬುದು ನನ್ನನ್ನು ಹೆಚ್ಚು ನೋಯಿಸಿತು.

ಎರಡನೆಯ ಸಲ ಅವಸರ ಮಾಡಲಿಲ್ಲ. ಕ್ಯಾಬಿನ್ನನ್ನು ಚಾಸಿಯಿಂದ ಪೂರ್ತಿ ಬೇರ್ಪಡಿಸಿ, ಹಾಳಾದ ಭಾಗಗಳನ್ನು ಕತ್ತರಿಸಿ ಅದೇ ದಪ್ಪದ ಹೊಸ ತಗಡು ಬೆಸೆದು, ಒಳಗೂ ಹೊರಗೂ ಪ್ರೈಮರ್ ಕೊಟ್ಟ ಮೇಲೆಯೇ ಬಣ್ಣಕ್ಕೆ ಕೈಹಾಕಿದೆವು. ಮುಂದಿನ ಆಕ್ಸಲ್ಲಿನ ಬುಷ್‌ಗಳು ಎಲ್ಲಿಯೂ ಸಿಗದಿದ್ದಾಗ ಭದ್ರಾವತಿಯ ಲೇತ್ ಅಂಗಡಿಯೊಂದರ ಹಿರಿಯ ಮೇಸ್ತ್ರಿಯವರು ಹಳೆಯದನ್ನು ಅಳೆದು ಗನ್‌ಮೆಟಲ್ಲಿನಲ್ಲಿ ಹೊಸದನ್ನು ಕಡೆದು ಕೊಟ್ಟರು. “ಗೌಡ್ರೇ, ಇದನ್ನ ಹೊಡೆದು ಕೂರಿಸಬೇಡಿ, ಒತ್ತಿ ಕೂರಿಸಿ” ಎಂದು ಅವರು ಬುಷ್ಷನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ನೆರಳಲ್ಲಿ ಬೆಳೆದ ಊರಿನಲ್ಲಿ ಇಂಥ ಕೈಗಳು ಇನ್ನೂ ಇವೆ. ಹಳೆಯ ಗಾಡಿಗಳ ಕೆಲಸ ಬಂದರೆ ಅವರ ಮಕ್ಕಳೂ ಆ ವಿದ್ಯೆಯನ್ನು ಕಲಿಯುತ್ತಾರೆ. 2.2 ಲೀಟರಿನ ಹರಿಕೇನ್ ಪೆಟ್ರೋಲ್ ಇಂಜಿನ್ನು ಹೆಚ್ಚು ಕಾಡಲಿಲ್ಲ. ಪೆಟ್ರೋಲು ಗಾಳಿಯನ್ನು ಒಳಬಿಡುವ ವಾಲ್ವ್ ಹೆಡ್ಡಿನಲ್ಲೂ ಹೊಗೆ ಬಿಡುವ ವಾಲ್ವ್ ಬ್ಲಾಕಿನಲ್ಲೂ ಇರುವ ಹಳೆಯ ವಿನ್ಯಾಸ ಅದು. ಕಿಡಿ ಹೊತ್ತಿಸುವ ಪಾಯಿಂಟ್, ಕಂಡೆನ್ಸರ್ ಬದಲಿಸಿ, ಕಾರ್ಬುರೇಟರ್ ತೊಳೆದಾಗ ಓಡಿತು. ಈಗ ಬರುತ್ತಿರುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಇಂಜಿನ್ನಿಗೆ ಪೆಟ್ರೋಲ್ ಎಳೆದುಕೊಡುವ ಪಂಪಿನ ಹಳೆಯ ರಬ್ಬರ್ ಡಯಾಫ್ರಂ ತಾಳಲಿಲ್ಲವಾದ್ದರಿಂದ ಅದನ್ನು ಮಾತ್ರ ಎರಡು ಸಲ ಬದಲಿಸಿದ್ದೇನೆ.

ಕಬ್ಬಿಣದ ಕೆಲಸಕ್ಕಿಂತ ಕಾಗದದ ಕೆಲಸ ಹೆಚ್ಚು ದಣಿಸಿತು. ಆರ್‌ಸಿಯಲ್ಲಿ ಹೆಸರಿದ್ದ ಮಾಲೀಕರು ತೀರಿಕೊಂಡಿದ್ದರಿಂದ ಮೊದಲು ಫಾರಂ 31ರಲ್ಲಿ ಅವರ ವಾರಸುದಾರರ ಹೆಸರಿಗೆ, ನಂತರ ಫಾರಂ 29 ಮತ್ತು 30ರಲ್ಲಿ ನನ್ನ ಹೆಸರಿಗೆ ವರ್ಗಾವಣೆ ಆಗಬೇಕಾಯಿತು. ಅಷ್ಟರಲ್ಲಿ ಆರ್‌ಸಿಯಲ್ಲಿ ಸಾಲದ ನಮೂದು ಇನ್ನೂ ಅಳಿಸಿಲ್ಲ ಎಂಬುದು ಗೊತ್ತಾಯಿತು. ಅದನ್ನು ತೆಗೆಸಲು ಸಾಲ ಕೊಟ್ಟ ಸಂಸ್ಥೆ ಫಾರಂ 35ಕ್ಕೆ ಸಹಿ ಹಾಕಬೇಕು, ಆ ಸಂಸ್ಥೆಯಾದರೋ ಬಾಗಿಲು ಮುಚ್ಚಿ ಎಷ್ಟೋ ವರ್ಷಗಳಾಗಿವೆ. ಸಾಲ ತೀರಿದ ರಸೀದಿಯನ್ನು ಆ ಮನೆಯ ಹಿರಿಯಮ್ಮನವರು ಕಬ್ಬಿಣದ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿರದಿದ್ದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹಳೆಯ ಕೈಬರಹದ ದಾಖಲೆ ಸಾರಿಗೆ ಇಲಾಖೆಯ ‘ವಾಹನ್’ ತಂತ್ರಾಂಶಕ್ಕೆ ಏರುವವರೆಗೆ ಒಟ್ಟು ಹನ್ನೊಂದು ತಿಂಗಳು ಹಿಡಿಯಿತು.

ಇಷ್ಟೆಲ್ಲ ಆದ ಮೇಲೆಯೂ ಈಗಿನ ಸ್ಥಿತಿ ಹೀಗಿದೆ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನವಾದ್ದರಿಂದ ನನ್ನ ಪಿಕಪ್‌ಗೆ ಪರ್ಮಿಟ್ ಬೇಕಿಲ್ಲ. ಆದರೆ ಎಂಟು ವರ್ಷ ದಾಟಿದ ಸಾರಿಗೆ ವಾಹನಗಳಂತೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಲೇಬೇಕು. ವರ್ಷಕ್ಕೆ ನಾಲ್ಕಾರು ಸಲ ಶೆಡ್ಡಿನಿಂದ ಹೊರಬರುವ ಈ ಗಾಡಿಯನ್ನು, ದಿನಕ್ಕೆ ನೂರಾರು ಕಿಲೋಮೀಟರ್ ಬಾಡಿಗೆ ಓಡುವ ಗಾಡಿಯ ಅಳತೆಗೋಲಿನಲ್ಲೇ ಅಳೆಯಲಾಗುತ್ತಿದೆ. ಬ್ರೇಕು, ಸ್ಟೀರಿಂಗು, ದೀಪಗಳ ತಪಾಸಣೆ ಬೇಡವೆಂದು ನಾನು ಹೇಳುತ್ತಿಲ್ಲ. ಮುಂಭಾಗದಲ್ಲೇ ಭಾರವಿರುವ ಗಾಡಿ ಇದು, ಖಾಲಿ ಇರುವಾಗ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಹಗುರಾಗುತ್ತದೆ, ಆದ್ದರಿಂದ ಬ್ರೇಕಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಕೂಡದು. ನಾನು ಕೇಳುತ್ತಿರುವುದು, ಕಾರುಗಳಿಗೆ ಕೊಟ್ಟಿರುವ ವರ್ಗದಲ್ಲಿ ಎನ್1 ಸರಕು ವಾಹನಗಳಿಗೂ ಒಂದು ಜಾಗವನ್ನು.

ವಿಂಟೇಜ್ ಹೆಸರಿನಲ್ಲಿ ಬಾಡಿಗೆ ಹೊಡೆಯುತ್ತಾರೆ ಎಂಬ ಆತಂಕ ಅಧಿಕಾರಿಗಳಿಗೆ ಇರಬಹುದು. ಹಳೆಯ ಕಾರನ್ನು ಮದುವೆ ಮೆರವಣಿಗೆಗೆ ಬಾಡಿಗೆಗೆ ಕೊಡುವ ಸಾಧ್ಯತೆಯೂ ಹಾಗೆಯೇ ಇದೆ, ಆದರೂ ಕಾರುಗಳಿಗೆ ಮಾನ್ಯತೆ ಕೊಟ್ಟಿದ್ದಾರೆ. ಪಿಕಪ್‌ನ ಹಿಂದೆ ಮೂಟೆ ಹೇರಿಕೊಂಡು ಹೋದರೆ ರಸ್ತೆಯಲ್ಲಿ ಯಾರ ಕಣ್ಣಿಗಾದರೂ ಬೀಳುತ್ತದೆ. ಸರಕು ಹೇರಿದ್ದು ಕಂಡರೆ ನೋಂದಣಿ ರದ್ದು ಎಂಬ ಷರತ್ತನ್ನು ಸೇರಿಸಲಿ, ನಾನು ಮೊದಲಿಗನಾಗಿ ಸಹಿ ಹಾಕುತ್ತೇನೆ. ಇನ್ನೊಂದು ತೊಡಕು ಡೀಸೆಲ್ ಇಂಜಿನ್ನಿನದು. 1973ರ ನಂತರ ಪೆಟ್ರೋಲ್ ಬೆಲೆ ಏರಿದಾಗ ನಮ್ಮ ಕಡೆಯ ಎಷ್ಟೋ ಜೀಪು ಪಿಕಪ್‌ಗಳಿಗೆ ಡೀಸೆಲ್ ಇಂಜಿನ್ ಕೂರಿಸಿದರು. ಆ ಗಾಡಿಗಳು ಗುಜರಿಗೆ ಹೋಗದೆ ಉಳಿದದ್ದೇ ಅದರಿಂದ. ಹಾಗೆ ಬದಲಿಸಿದ್ದು ಆರ್‌ಸಿಯಲ್ಲಿ ಕ್ರಮವಾಗಿ ನಮೂದಾಗಿದ್ದು, ಚಾಸಿ ಮತ್ತು ಬಾಡಿ ಮೂಲದವೇ ಆಗಿದ್ದರೆ, ಅಂಥವನ್ನೂ ಪರಿಗಣಿಸುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಸರ್ಕಾರಿ ಇಲಾಖೆಗಳಲ್ಲಿರುವ ಹಳೆಯ ವಾಹನಗಳ ಬಗ್ಗೆಯೂ ಒಂದು ಮಾತು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುತ್ತಿಲ್ಲ, ಅವು ಗುಜರಿ ಸೇರಬೇಕು. ಮಲೆನಾಡಿನ ಅಣೆಕಟ್ಟು, ಕಾಡು, ರಸ್ತೆಗಳ ಕೆಲಸಕ್ಕೆ ದುಡಿದ ಪಿಕಪ್ ಯಾವುದಾದರೂ ಇಲಾಖೆಯ ಅಂಗಳದಲ್ಲಿ ಇನ್ನೂ ಇದ್ದರೆ, ಅದನ್ನು ಕತ್ತರಿಸುವ ಮೊದಲು ಒಂದನ್ನಾದರೂ ಶಿವಮೊಗ್ಗದಲ್ಲಿ ಜನ ನೋಡುವಂತೆ ಉಳಿಸಿಕೊಳ್ಳಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

ನಿಯಮ ತಿದ್ದುವ ಅಧಿಕಾರ ಕೇಂದ್ರದ್ದು. ಆದ್ದರಿಂದ ಎನ್1 ವರ್ಗವನ್ನು ವಿಂಟೇಜ್ ವ್ಯಾಖ್ಯೆಗೆ ಸೇರಿಸುವಂತೆ ರಾಜ್ಯದ ಸಾರಿಗೆ ಇಲಾಖೆ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಶಿಫಾರಸು ಕಳಿಸಬೇಕು, ಮಲೆನಾಡಿನ ಸಂಸದರು ಇದನ್ನು ಸಂಸತ್ತಿನಲ್ಲಿ ಎತ್ತಬೇಕು. ಮುಚ್ಚಿಹೋದ ಸಂಸ್ಥೆಗಳ ಸಾಲದ ನಮೂದು ತೆಗೆಯುವುದು, ಹಳೆಯ ದಾಖಲೆಗಳನ್ನು ಗಣಕಕ್ಕೆ ಏರಿಸುವುದು ಇವುಗಳಿಗೆ ತಿಂಗಳಲ್ಲಿ ಒಂದು ದಿನ ಗೊತ್ತುಮಾಡಿದರೂ ನಮ್ಮಂಥವರ ಅಲೆದಾಟ ತಪ್ಪುತ್ತದೆ. ಸಾಗರದ ಕಡೆ ಒಬ್ಬರು, ಕೊಪ್ಪದ ಕಡೆ ಒಬ್ಬರು, ಇದೇ ಕಾಲದ ಪಿಕಪ್‌ಗಳನ್ನು ತಾಡಪಾಲು ಮುಚ್ಚಿ ಇಟ್ಟುಕೊಂಡಿರುವುದನ್ನು ನಾನೇ ನೋಡಿ ಬಂದಿದ್ದೇನೆ. ಸರಿಪಡಿಸಿದ ಮೇಲೆ ಯಾವ ವರ್ಗದಲ್ಲಿ ನೋಂದಾಯಿಸಬೇಕು ಎಂಬುದು ತಿಳಿಯದೆ ಅವರಿಬ್ಬರೂ ಕೆಲಸಕ್ಕೆ ಕೈಹಾಕಿಲ್ಲ. ಕೊಪ್ಪದ ಗಾಡಿಯ ಬಾಗಿಲಿನ ತಳವನ್ನು ಕಳೆದ ತಿಂಗಳು ಬೆರಳಿನಿಂದ ಒತ್ತಿ ನೋಡಿದೆ. ಇನ್ನೊಂದು ಮಳೆಗಾಲವನ್ನು ಆ ತಗಡು ತಾಳುವುದಿಲ್ಲ.

ಇತಿ,
ಒಬ್ಬ ಓದುಗ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ