ತರಬೇತಿಯಲ್ಲಿ ನಂಬಿಕೆಯ ಚಿತ್ರಕ್ಕೂ ಜಾಗವಿರಲಿ

ಮಾನ್ಯರೇ,

ಮಕ್ಕಳ ಪಾಲನಾ ಸಂಸ್ಥೆಗಳಿಗೆ ಕ್ಷೇತ್ರಕಾರ್ಯಕ್ಕೆ ಹೋಗುವ ನಮ್ಮಂಥ ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ಸ್ವಂತ ದೇವರು-ದಿಂಡರ ವಿಚಾರವನ್ನು ಗೇಟಿನ ಹೊರಗೇ ಬಿಟ್ಟು ಬರುವಂತೆ ಹೇಳುವುದು ವಾಡಿಕೆ. ಇದರ ಹಿಂದಿನ ಕಾಳಜಿ ಸರಿಯಾದದ್ದೇ. ಮನೆಯವರಿಂದ ದೂರವಾಗಿ ನಮ್ಮ ಆಸರೆಯಲ್ಲಿರುವ ಮಗುವಿಗೆ ‘ಬೇಡ’ ಎನ್ನುವ ಧೈರ್ಯ ಇರುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯೂ ಮಗುವಿನ ಘನತೆ, ಸಮಾನತೆ ಮತ್ತು ಅಭಿಪ್ರಾಯ ಹೇಳುವ ಹಕ್ಕನ್ನು ತನ್ನ ಮೂಲತತ್ತ್ವಗಳಲ್ಲಿ ಸೇರಿಸಿದೆ. ಆದರೆ ನಂಬಿಕೆಯ ಬಲದಿಂದಲೇ ಈ ಕೆಲಸಕ್ಕೆ ಬಂದವರು ಅದನ್ನು ಎಲ್ಲಿಯೂ ತೆರೆದಿಡದೆ ಅದುಮಿಟ್ಟುಕೊಂಡರೆ, ಅದು ಅವರಿಗೇ ತಿಳಿಯದಂತೆ ಉಪದೇಶವಾಗಿ ಮಾತಿನ ನಡುವೆ ಇಣುಕುತ್ತದೆ. ಅದೇ ನಂಬಿಕೆಯನ್ನು ಚಿತ್ರವಾಗಿ ಬಿಡಿಸಿದರೆ, ಉಪದೇಶದಂತೆ ಅದು ಯಾರಿಂದಲೂ ಉತ್ತರ ಬೇಡುವುದಿಲ್ಲ.

ಬಿಡುವಿನಲ್ಲಿ ನನ್ನ ಪುಸ್ತಕದಲ್ಲಿ ಬಿಡಿಸಿಕೊಂಡಿದ್ದ ತುಳಸಿಕಟ್ಟೆಯ ದೀಪವನ್ನು ನೋಡಿದ ಹುಡುಗನೊಬ್ಬ, ‘ಅಕ್ಕ, ಇದು ಯಾರ ಮನೆಯದ್ದು?’ ಎಂದು ಕೇಳಿ, ಉತ್ತರಕ್ಕೂ ಕಾಯದೆ, ಪಕ್ಕದ ಹಾಳೆಯಲ್ಲಿ ಮೀನುಗಾರಿಕಾ ಬೋಟೊಂದನ್ನು ಬಿಡಿಸಿ ಅದರ ಕ್ಯಾಬಿನ್ನಿನ ಮೇಲೆ ಹಸಿರು ಬಣ್ಣದಲ್ಲಿ ಅರ್ಧಚಂದ್ರವನ್ನು ಬರೆದ. ಅವನ ಮನೆಯ ಬಗ್ಗೆ ಕಡತದಲ್ಲಿ ವಿಳಾಸ ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ, 1591ರಲ್ಲಿ ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಸೋಂಕಿಗೆ ಒಳಗಾಗಿ 23ನೇ ವಯಸ್ಸಿಗೆ ತೀರಿಕೊಂಡ ಆ ಸಂತನ ಬದುಕನ್ನು, ಇಟಲಿಯ ಬ್ರದರ್ ಆಂಟೋನಿಯೊ ಮೊಸ್ಕೆನಿ ಚಿತ್ರಿಸಿದ್ದಾರೆ. ನಂಬಿಕೆ ಮತ್ತು ಸೇವೆ ಒಂದೇ ಚಿತ್ರದಲ್ಲಿ ಕೂಡಿರುವುದನ್ನು ಬೇರೆ ಧರ್ಮದವರೂ ಅಲ್ಲಿ ನಿಂತು ನೋಡುತ್ತಾರೆ. ಅವರು ತಾವಾಗಿಯೇ ಬಂದು, ಸಾಕೆನಿಸಿದಾಗ ಹೊರಡುತ್ತಾರೆ ಎಂಬುದೂ ಇಲ್ಲಿ ಮುಖ್ಯ. ಮಕ್ಕಳು ಮಲಗಿ ಏಳುವ ಕೊಠಡಿಯ ಗೋಡೆಗೆ ಆ ಮಾತು ಅನ್ವಯಿಸದು. ಅಲ್ಲಿ ಸಿಬ್ಬಂದಿಯ ಇಷ್ಟದೈವ, ಎಷ್ಟೇ ಚಂದವಿದ್ದರೂ, ಕೂಡದು. ಅಷ್ಟಮಿಗೆ ಎಲ್ಲರಿಗೂ ಕೃಷ್ಣನ ಹಾಳೆ, ಕ್ರಿಸ್‌ಮಸ್‌ಗೆ ಎಲ್ಲರಿಗೂ ಗೋದಲಿಯ ಹಾಳೆ ಹಂಚಿ ಬಣ್ಣ ತುಂಬಿಸಿ ಅದನ್ನೇ ಸೌಹಾರ್ದವೆಂದು ಕರೆಯುವುದೂ ನನಗೆ ಒಪ್ಪಿಗೆಯಿಲ್ಲ. ಬಿಳಿ ಹಾಳೆ ಕೊಟ್ಟರೆ ಸಾಕಲ್ಲವೇ?

ಆದ್ದರಿಂದ ಕರಾವಳಿಯ ಸಮಾಜಕಾರ್ಯ ಕಾಲೇಜುಗಳು, ಕ್ಷೇತ್ರಕಾರ್ಯದ ಮೇಲ್ವಿಚಾರಣಾ ಅವಧಿಯಲ್ಲಿ ವಿದ್ಯಾರ್ಥಿಗಳು ತಮ್ಮ ನಂಬಿಕೆಯನ್ನೋ ಅಪನಂಬಿಕೆಯನ್ನೋ ಚಿತ್ರಿಸಿ, ಅದು ಮಕ್ಕಳೊಂದಿಗಿನ ತಮ್ಮ ವರ್ತನೆಯಲ್ಲಿ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತಿದೆ ಎಂಬುದನ್ನು ಮಾರ್ಗದರ್ಶಕರೊಡನೆ ಚರ್ಚಿಸಲು ಅವಕಾಶ ಕಲ್ಪಿಸಬೇಕೆಂದು ವಿನಂತಿಸುತ್ತೇನೆ. ಇದಕ್ಕೆ ಅಂಕ ನೀಡುವುದು ಬೇಡ. ಅಂಕವಿದ್ದರೆ ಎಲ್ಲರೂ ಮೂರು ಧರ್ಮಗಳ ಚಿಹ್ನೆಗಳನ್ನು ಸಾಲಾಗಿ ಬಿಡಿಸಿ ಕೊಟ್ಟುಬಿಡುತ್ತಾರೆ.

– ಸಮಾಜಕಾರ್ಯ ವಿದ್ಯಾರ್ಥಿನಿ, ಮಂಗಳೂರು