ಮಗಳಿಗೊಂದು ಪತ್ರ: ಪರದೇಶದಲ್ಲಿ ಔಷಧಿ ಅಂಗಡಿ ಹುಡುಕುವಾಗ

ಪ್ರೀತಿಯ ಪುಟ್ಟಿ,

ಥೈರಾಯ್ಡ್ ಮಾತ್ರೆ ಇನ್ನು ಮೂರು ವಾರಕ್ಕಾಗುವಷ್ಟೇ ಉಳಿದಿದೆ, ಇಲ್ಲಿಯ ಅಂಗಡಿಗಳನ್ನು ನಂಬುವುದು ಹೇಗೆ, ಬೆಲೆ ಬೇರೆ ಒಂದೊಂದು ಕಡೆ ಒಂದೊಂದು ಥರ ಎಂದು ಬರೆದಿದ್ದೀಯ. ಮೂರು ವಾರ ಇರುವಾಗಲೇ ಕೇಳಿದ್ದು ಒಳ್ಳೆಯದಾಯಿತು. ಮಾತ್ರೆ ಮುಗಿದ ರಾತ್ರಿ ಹುಡುಕಲು ಹೊರಟರೆ ಯಾವುದು ಬಾಗಿಲು ತೆರೆದಿದೆಯೋ ಅದೇ ಒಳ್ಳೆಯ ಅಂಗಡಿಯಾಗಿಬಿಡುತ್ತದೆ. ನಿನ್ನ ಕೆಲಸವೋ ಇವತ್ತು ಒಂದು ದೇಶ, ನಾಳೆ ಇನ್ನೊಂದು. ಅದಕ್ಕೇ ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುವ ಹಾಗೆ ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಔಷಧಿಯಲ್ಲಿ ದುಡ್ಡು ಉಳಿಸಲು ಜಾಗ ಬೇಕಾದಷ್ಟಿದೆ. ಹೆಸರು ಸರಿಯಾಗಿ ಹೇಳಿ ಕೇಳಿದರೆ ಉಳಿಯುತ್ತದೆ, ದೊಡ್ಡ ಪ್ಯಾಕ್ ಕೊಂಡರೆ ಉಳಿಯುತ್ತದೆ, ವಿಮೆಯ ನಿಯಮ ಓದಿದರೆ ಉಳಿಯುತ್ತದೆ. ಮಾರುವವರು ಯಾರು ಅನ್ನುವ ವಿಷಯದಲ್ಲಿ ಮಾತ್ರ ಉಳಿಸಲು ಹೋಗಬೇಡ.

ಹೆಸರಿನಿಂದಲೇ ಶುರು ಮಾಡು. ಡಬ್ಬಿಯ ಮೇಲೆ ದಪ್ಪಗೆ ಅಚ್ಚಾಗಿರುವುದು ಕಂಪನಿ ಇಟ್ಟ ಹೆಸರು; ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವುದು ಔಷಧಿಯ ಹೆಸರು. ಕೌಂಟರಿನಲ್ಲಿ ಹೇಳಬೇಕಾದ್ದು ಈ ಸಣ್ಣ ಅಕ್ಷರದ್ದು. ಕಂಪನಿ ಹೆಸರು ಗಡಿ ದಾಟಿದರೆ ಸಿಗದೆ ಹೋಗಬಹುದು, ಅದಾದರೂ ಪರವಾಗಿಲ್ಲ. ಅದೇ ಹೆಸರಿನಲ್ಲಿ ಬೇರೆಯೇ ಔಷಧಿ ಸಿಕ್ಕರೆ ಕಷ್ಟ. ಇಂಥ ಹೆಸರುಗಳ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲೇ ಎಚ್ಚರಿಸಿತ್ತು. ಅಮೆರಿಕದಲ್ಲಿ ಫ್ಲೋಮ್ಯಾಕ್ಸ್ ಎಂದರೆ ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್, ಇಟಲಿಯಲ್ಲಿ ಅದೇ ಹೆಸರಿನದು ನೋವು-ಊತದ ಔಷಧಿ. ನಾರ್‌ಪ್ರಮಿನ್ ಅಮೆರಿಕದಲ್ಲಿ ಖಿನ್ನತೆಗೆ, ಸ್ಪೇನಿನಲ್ಲಿ ಹೊಟ್ಟೆಯ ಆಸಿಡ್‌ಗೆ.

ಔಷಧಿಯ ಹೆಸರೇ ಎರಡಿರುವ ಕೆಲವೂ ಇವೆ. ಪ್ಯಾರಾಸಿಟಮಾಲ್‌ಗೆ ಅಮೆರಿಕ, ಜಪಾನ್‌ನಲ್ಲಿ ಅಸೆಟಮಿನೋಫೆನ್ ಎನ್ನುತ್ತಾರೆ. ಉಬ್ಬಸದ ಸಾಲ್ಬುಟಮಾಲ್ ಅಮೆರಿಕದಲ್ಲಿ ಅಲ್ಬುಟೆರಾಲ್. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ಇದು ಗೊತ್ತಿಲ್ಲದೆ ಎರಡು ಬೇರೆ ಔಷಧಿ ಎಂದುಕೊಂಡು ಎರಡನ್ನೂ ನುಂಗುವವರಿದ್ದಾರೆ.

ಮನೆಯಲ್ಲಿ ಎಲ್ಲರ ಔಷಧಿಗೂ ಒಂದು ಪಟ್ಟಿ ಮಾಡಿ, ಫೋನಿನಲ್ಲೊಂದು, ಪರ್ಸಿನಲ್ಲೊಂದು ಇಟ್ಟುಕೋ. ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಮಾತ್ರೆಯೋ ಕ್ಯಾಪ್ಸೂಲೋ, ದಿನಕ್ಕೆ ಎಷ್ಟು ಸಲ, ಯಾವ ಕಾಯಿಲೆಗೆ, ಯಾವುದಕ್ಕೆ ಅಲರ್ಜಿ. ಹೆಸರಿನ ಬಾಲವನ್ನು ಬಿಡಬೇಡ. ಬಿಪಿಗೆ ಕೊಡುವ ಮೆಟೊಪ್ರೊಲಾಲ್ ಟಾರ್ಟ್ರೇಟ್ ದಿನಕ್ಕೆ ಎರಡು ಸಲದ್ದು, ಮೆಟೊಪ್ರೊಲಾಲ್ ಸಕ್ಸಿನೇಟ್ ನಿಧಾನವಾಗಿ ಬಿಡುಗಡೆಯಾಗುವ, ಒಂದೇ ಸಲದ್ದು. ಬರೀ ಮೆಟೊಪ್ರೊಲಾಲ್ ಎಂದರೆ ಯಾವುದು ಬೇಕಾದರೂ ಕೈಗೆ ಬರಬಹುದು. ನಿನ್ನ ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್ 75 ಮೈಕ್ರೋಗ್ರಾಂ. ಕೆಲವು ಡಬ್ಬಿಗಳಲ್ಲಿ ಅದನ್ನೇ 0.075 ಮಿಲಿಗ್ರಾಂ ಎಂದು ಬರೆದಿರುತ್ತಾರೆ. ಚುಕ್ಕಿಯ ನಂತರದ ಸೊನ್ನೆ ಎಣಿಸಿಕೋ. ಎರಡು ಮೂರು ಔಷಧಿ ಸೇರಿಸಿ ಮಾಡಿದ ಒಂದೇ ಮಾತ್ರೆ ಯಾರದ್ದಾದರೂ ಇದ್ದರೆ, ಒಳಗೆ ಏನೇನು ಎಷ್ಟೆಷ್ಟಿದೆ ಎಂದು ಬಿಡಿಸಿ ಬರೆ. ಆ ಜೋಡಣೆ ಇನ್ನೊಂದು ದೇಶದಲ್ಲಿ ಇಲ್ಲದೆ ಹೋಗುವುದು ತೀರಾ ಸಾಮಾನ್ಯ.

ಪಟ್ಟಿ ಇದ್ದರೂ ಚೀಟಿ ಬೇಕೇ ಬೇಕು. ಯುರೋಪಿಯನ್ ಒಕ್ಕೂಟದ ಒಂದು ದೇಶದ ಡಾಕ್ಟರ ಚೀಟಿ ಒಕ್ಕೂಟದ ಇನ್ನೊಂದು ದೇಶದಲ್ಲಿ ನಡೆಯುತ್ತದೆ. ಉಳಿದ ಕಡೆ ಹೊರದೇಶದ ಚೀಟಿಗೆ ಬೆಲೆ ಇರುವುದು ಕಡಿಮೆ, ಸ್ಥಳೀಯ ಡಾಕ್ಟರೇ ಬರೆಯಬೇಕು. ಈ ವಾರವೇ ಅಪಾಯಿಂಟ್‌ಮೆಂಟ್ ತೆಗೆದುಕೋ. ಹಳೆಯ ಚೀಟಿ, ಥೈರಾಯ್ಡ್ ರಕ್ತ ಪರೀಕ್ಷೆಯ ಕೊನೆಯ ಟಿಎಸ್‌ಎಚ್ ರಿಪೋರ್ಟ್ ಎರಡೂ ಜೊತೆಗಿರಲಿ. ಇಲ್ಲದಿದ್ದರೆ ರಕ್ತ ಪರೀಕ್ಷೆಯಿಂದಲೇ ಮತ್ತೆ ಶುರುಮಾಡುತ್ತಾರೆ, ಆ ಖರ್ಚು ಬೇರೆ.

ಇನ್ನು ಅಂಗಡಿ. ಲೈಸೆನ್ಸ್ ಇರುವ ಫಾರ್ಮಸಿಗಳ ಪಟ್ಟಿಯನ್ನು ಬಹಳಷ್ಟು ದೇಶಗಳು ಆನ್‌ಲೈನ್‌ನಲ್ಲೇ ಇಟ್ಟಿವೆ. ಬ್ರಿಟನ್ನಿನಲ್ಲಿ ಜನರಲ್ ಫಾರ್ಮಸ್ಯುಟಿಕಲ್ ಕೌನ್ಸಿಲ್, ಅಮೆರಿಕದಲ್ಲಿ ಆಯಾ ರಾಜ್ಯದ ಫಾರ್ಮಸಿ ಬೋರ್ಡ್. ಅಂಗಡಿ ಹೆಸರು ಹಾಕಿದರೆ ಎರಡೇ ನಿಮಿಷದ ಕೆಲಸ. ಬೋರ್ಡು ನೋಡಿ ಮೋಸಹೋಗಬೇಡ, ಔಷಧಿ ಅಂಗಡಿಯ ಹಾಗೆ ಕಾಣುವುದೆಲ್ಲ ಔಷಧಿ ಅಂಗಡಿಯಲ್ಲ. ಜರ್ಮನಿಯ ಡ್ರೋಗರಿಯಲ್ಲಿ ಸೋಪು, ಶಾಂಪೂ, ವಿಟಮಿನ್ ಸಿಗುತ್ತವೆ, ಪ್ಯಾರಾಸಿಟಮಾಲ್ ಬೇಕೆಂದರೆ ಕೆಂಪು ‘ಎ’ ಅಕ್ಷರದ ಅಪೊಥೆಕೆಗೇ ಹೋಗಬೇಕು. ಫಾರ್ಮಸಿಗಳು ಸರದಿಯಲ್ಲಿ ರಾತ್ರಿ ತೆರೆದಿರುವ ದೇಶಗಳಲ್ಲಿ, ಮುಚ್ಚಿದ ಅಂಗಡಿಯ ಬಾಗಿಲಲ್ಲೇ ಆ ರಾತ್ರಿ ಎಲ್ಲಿ ತೆರೆದಿದೆ ಎಂದು ಬರೆದು ಅಂಟಿಸಿರುತ್ತಾರೆ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಒಳ್ಳೆಯ ಅಂಗಡಿ ಎನ್ನಲಾಗದು. ಪರೀಕ್ಷೆ ಮಾಡಲು ಒಂದು ಸುಲಭದ ದಾರಿ ಇದೆ. ಕಾಯಿಲೆ ಇಲ್ಲದ ದಿನ, ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ ನೆಗಡಿ ಮಾತ್ರೆ ಕೇಳು. ಇನ್ನೇನು ಔಷಧಿ ತೆಗೆದುಕೊಳ್ಳುತ್ತೀರಿ, ಬಿಪಿ ಇದೆಯಾ, ಗರ್ಭಿಣಿಯಾ, ಹಾಲುಣಿಸುತ್ತಿದ್ದೀರಾ ಎಂದು ಕೇಳಿದರೆ ಆ ಅಂಗಡಿಗೆ ಒಂದು ಗುರುತು ಹಾಕು. ಮೂಗು ಬಿಡಿಸುವ ಔಷಧಿಗಳಲ್ಲಿ ಹಲವು ಬಿಪಿ ಏರಿಸುತ್ತವೆ, ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಅದಕ್ಕೇ ಆ ಪ್ರಶ್ನೆಗಳು. ದೊಡ್ಡವರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ಕೆಲವು ದೇಶಗಳಲ್ಲಿ ಒಂದು ಮಾತ್ರೆಯೇ 1 ಗ್ರಾಂ ಇರುತ್ತದೆ, ಜೊತೆಗೆ ನೆಗಡಿ ಪುಡಿ ಕುಡಿದರೆ ಮಿತಿ ದಾಟುವುದು ಗೊತ್ತೇ ಆಗುವುದಿಲ್ಲ.

ಆಮೇಲೆ, ಚೀಟಿ ಇಲ್ಲದೆ ಆಂಟಿಬಯೋಟಿಕ್ ಸಿಗುತ್ತದೆಯೇ ಎಂದು ಸುಮ್ಮನೆ ಕೇಳಿ ನೋಡು. ‘ಆಗುವುದಿಲ್ಲ, ಡಾಕ್ಟರನ್ನು ನೋಡಿ’ ಎಂದು ಕಳಿಸುವ ಫಾರ್ಮಸಿಸ್ಟ್ ಸಿಕ್ಕರೆ ಅವರನ್ನೇ ಹಿಡಿದುಕೋ. ಕೇಳಿದ್ದನ್ನೆಲ್ಲ ಕೊಡುವವರು, ಬಿಲ್ ಕೇಳಿದರೆ ಮುಖ ಸಿಂಡರಿಸುವವರು, ಸ್ಟ್ರಿಪ್ ಕತ್ತರಿಸಿ ಹೆಸರಿಲ್ಲದ ಕವರಿಗೆ ಹಾಕಿ ಕೊಡುವವರು, ಕೇಳದಿದ್ದರೂ ಟಾನಿಕ್ಕು ಕಟ್ಟುವವರು ಎಷ್ಟೇ ಅಗ್ಗವಾಗಿದ್ದರೂ ಬೇಡ. ಒಳ್ಳೆಯದು ಸಿಕ್ಕ ಮೇಲೆ ಮನೆಯವರ ಎಲ್ಲ ಔಷಧಿಯನ್ನೂ ಅಲ್ಲಿಯೇ ಕೊಳ್ಳು. ಒಂದೇ ಕಡೆ ದಾಖಲೆ ಇದ್ದರೆ ಒಂದು ಔಷಧಿ ಇನ್ನೊಂದಕ್ಕೆ ಒಗ್ಗದೇ ಇರುವುದು ಅವರ ಕಣ್ಣಿಗೆ ಬೀಳುತ್ತದೆ.

ಡಬ್ಬಿ ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ನೋಡು. ಸೀಲ್ ಒಡೆದಿದೆಯಾ, ಹೆಸರು ಮತ್ತು ಮಿಲಿಗ್ರಾಂ ಚೀಟಿಗೆ ಹೊಂದುತ್ತದೆಯಾ, ಡಬ್ಬಿಯ ಮೇಲಿನ ಬ್ಯಾಚ್ ನಂಬರೂ ಒಳಗಿನ ಸ್ಟ್ರಿಪ್ಪಿನದೂ ಒಂದೇನಾ. ಎಕ್ಸ್‌ಪೈರಿಯಲ್ಲಿ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೂ ನಡೆಯುತ್ತದೆ. ದಿನವೂ ಇದ್ದರೆ, ಆ ದೇಶದಲ್ಲಿ ದಿನ ಮೊದಲೋ ತಿಂಗಳು ಮೊದಲೋ ತಿಳಿದುಕೋ. ಯುರೋಪಿಯನ್ ಒಕ್ಕೂಟದಲ್ಲಿ 2019ರ ಫೆಬ್ರವರಿ 9ರಿಂದ ಚೀಟಿಯ ಮೇಲೆ ಕೊಡುವ ಬಹುತೇಕ ಎಲ್ಲ ಔಷಧಿಗೂ ಚೌಕಾಕಾರದ ಕೋಡ್ ಮತ್ತು ತೆರೆದರೆ ಗೊತ್ತಾಗುವ ಸೀಲ್ ಕಡ್ಡಾಯ. ಅಮೆರಿಕದಲ್ಲಿ ಮಾತ್ರೆ ಎಣಿಸಿ ಕಿತ್ತಳೆ ಬಣ್ಣದ ಡಬ್ಬಿಗೆ ಹಾಕಿ ಕೊಡುವುದೇ ರೂಢಿ; ಗಾಬರಿಯಾಗಬೇಡ. ಅಲ್ಲಿ ಬಹುತೇಕ ಎಲ್ಲ ಮಾತ್ರೆಯ ಮೈಮೇಲೂ ಅಕ್ಷರ, ಅಂಕೆ ಒತ್ತಿರುತ್ತಾರೆ. ಮುಂದಿನ ತಿಂಗಳು ಬಣ್ಣವೋ ಆ ಅಂಕೆಯೋ ಬದಲಾದರೆ ಕಂಪನಿ ಬದಲಾಗಿದೆಯಾ, ಔಷಧಿಯೇ ತಪ್ಪಿದೆಯಾ ಎಂದು ಕೇಳಿಯೇ ನುಂಗು.

ಆನ್‌ಲೈನ್‌ನಲ್ಲಿ ಕೊಳ್ಳಬಾರದೆಂದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2015ರಿಂದ ಕಾನೂನುಬದ್ಧ ಆನ್‌ಲೈನ್ ಫಾರ್ಮಸಿಗಳಿಗೆ ಹಸಿರು ಪಟ್ಟೆ, ಬಿಳಿ ಕ್ರಾಸ್, ಆ ದೇಶದ ಬಾವುಟ ಇರುವ ಲೋಗೋ ಇದೆ. ಲೋಗೋ ಕಂಡಿತೆಂದು ನಿಲ್ಲಬೇಡ, ಅದನ್ನು ಒತ್ತು. ಸರ್ಕಾರಿ ಪಟ್ಟಿಯ ಪುಟ ತೆರೆದು ಅದರಲ್ಲಿ ಆ ಅಂಗಡಿಯ ಹೆಸರು ಇರಬೇಕು. ಬರೀ ಚಿತ್ರವಾಗಿ ಅಲ್ಲೇ ಕೂತಿದ್ದರೆ ಕದ್ದು ಅಂಟಿಸಿದ್ದು. ಚೀಟಿ ಬೇಡ ಎನ್ನುವ, ವಿಳಾಸವಿಲ್ಲದ, ಯಾರದೋ ಸ್ವಂತ ಖಾತೆಗೆ ದುಡ್ಡು ಹಾಕಿಸಿಕೊಳ್ಳುವ ಕಡೆ ಅರ್ಧ ಬೆಲೆ ಇದ್ದರೂ ಹೋಗಬೇಡ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧಿಯಾದರೂ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು. ನಕಲಿ ಎಂದರೆ ಬರೀ ಸೀಮೆಸುಣ್ಣ ಎಂದುಕೊಳ್ಳುತ್ತಾರೆ ಜನ. ಔಷಧಿ ಅರ್ಧ ಇರುವುದು, ಬೇರೆ ಔಷಧಿ ಇರುವುದು ಇನ್ನೂ ಕೆಟ್ಟದ್ದು, ಏಕೆಂದರೆ ಸ್ವಲ್ಪ ಗುಣ ಕಂಡಂತಾಗಿ ಅನುಮಾನವೇ ಬರುವುದಿಲ್ಲ.

ಬೆಲೆಗೆ ಬರುತ್ತೇನೆ. ನೀನಿರುವ ದೇಶದಲ್ಲಿ ಚೀಟಿಯ ಔಷಧಿಗೆ ಬೆಲೆ ಸರ್ಕಾರವೇ ಕಟ್ಟಿದೆಯೇ ಎಂದು ಮೊದಲು ತಿಳಿದುಕೋ. ಜರ್ಮನಿಯ ಹಾಗೆ ಎಲ್ಲ ಅಂಗಡಿಯಲ್ಲೂ ಒಂದೇ ಬೆಲೆಯಾದರೆ ಅಲೆದು ಫಲವಿಲ್ಲ. ಚೀಟಿ ಬೇಡದ ಔಷಧಿಗೆ ಮಾತ್ರ ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸವಿರುತ್ತದೆ. ಅಮೆರಿಕದಲ್ಲಿ ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಅಜಗಜಾಂತರ ಇರಬಹುದು, ಅಲ್ಲಿ ಫೋನ್ ಮಾಡಿ ಕೇಳುವುದು ಮರ್ಯಾದೆಗೇಡಲ್ಲ. ಔಷಧಿಯ ಹೆಸರು, ಮಿಲಿಗ್ರಾಂ, ಎಷ್ಟು ಮಾತ್ರೆ ಎಂದು ಹೇಳಿ, ವಿಮೆಯಲ್ಲಿ ಎಷ್ಟು, ವಿಮೆ ಇಲ್ಲದೆ ಎಷ್ಟು ಎಂದು ಎರಡನ್ನೂ ಕೇಳು. ವಿಮೆ ಇಲ್ಲದ ಬೆಲೆಯೇ ಕಡಿಮೆ ಇರುವುದುಂಟು. ಅದನ್ನು ಫಾರ್ಮಸಿಸ್ಟ್ ಗಿರಾಕಿಗೆ ಹೇಳಬಾರದೆಂದು ಬಾಯಿ ಕಟ್ಟುತ್ತಿದ್ದ ಒಪ್ಪಂದಗಳನ್ನು ಅಲ್ಲಿ 2018ರಲ್ಲಿ ಕಾನೂನೇ ತಡೆಯಿತು. ಹೋಲಿಸುವಾಗ ಡಬ್ಬಿಯ ಬೆಲೆ ಬೇಡ, ಒಂದು ಮಾತ್ರೆಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡು. ನಿತ್ಯದ ಔಷಧಿಗೆ ಮೂರು ತಿಂಗಳಿಗೆ ಬರೆದುಕೊಡಿ ಎಂದು ಡಾಕ್ಟರನ್ನು ಕೇಳು.

ಜೆನೆರಿಕ್, ಅಂದರೆ ಅದೇ ಔಷಧಿಯನ್ನು ಬೇರೆ ಕಂಪನಿ ಮಾಡಿದ್ದು, ಕೇಳಲು ಹಿಂಜರಿಯಬೇಡ. ಜೆನೆರಿಕ್ ಎಂದರೆ ಔಷಧಿ ಶೇ. 20 ಕಡಿಮೆ ಇರಬಹುದು ಎಂಬ ಮಾತು ಓಡಾಡುತ್ತದೆ, ಅದು ತಪ್ಪು ಓದು. ಆ ಮಾತಿಗೆ ಮೂಲವಾದ ಶೇ. 80ರಿಂದ 125 ಎಂಬ ಅಂಕೆ, ರಕ್ತಕ್ಕೆ ಸೇರುವ ಪ್ರಮಾಣವನ್ನು ಮೂಲ ಔಷಧಿಯ ಜೊತೆ ಹೋಲಿಸಿದಾಗ ಲೆಕ್ಕದ ಅನಿಶ್ಚಿತತೆಯೂ ಸೇರಿ ಅದರೊಳಗೇ ಇರಬೇಕು ಎಂಬ ಮಿತಿ. ಮಾತ್ರೆಯೊಳಗಿನ ಔಷಧಿಯ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ನಿನ್ನ ಲೆವೊಥೈರಾಕ್ಸಿನ್, ರಕ್ತ ತೆಳುಮಾಡುವ ವಾರ್ಫರಿನ್, ಫಿಟ್ಸ್‌ನ ಫೆನಿಟಾಯಿನ್, ಲಿಥಿಯಂ ಇಂಥವುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಮೈಗೆ ಗೊತ್ತಾಗುತ್ತದೆ. ಇವಕ್ಕೆ ಅಗ್ಗದ ಒಂದು ಕಂಪನಿಯದನ್ನು ಹಿಡಿದರೆ ಅದನ್ನೇ ಮುಂದುವರಿಸು. ಈಗ ಹೇಗೂ ಬದಲಾಗುತ್ತದೆ, ಬದಲಾಯಿಸಿ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮಾಡಿಸು. ಅಂದಹಾಗೆ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ.

ಮಗುವಿನ ಜ್ವರದ ಸಿರಪ್ ಬಗ್ಗೆ ನೀನು ಕೇಳಲಿಲ್ಲ, ನನಗೆ ಹೆಚ್ಚು ಭಯ ಅದರದೇ. ಪ್ಯಾರಾಸಿಟಮಾಲ್ ಮಕ್ಕಳಿಗೆ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. 12 ಕಿಲೋದ ಮಗುವಿಗೆ ಹೆಚ್ಚೆಂದರೆ 180. ಬ್ರಿಟನ್ನಿನ ಮಕ್ಕಳ ಸಿರಪ್ 5 ಮಿ.ಲೀ.ಗೆ 120 ಮಿಲಿಗ್ರಾಂ, ಅಂದರೆ 7.5 ಮಿ.ಲೀ.ವರೆಗೆ ಕೊಡಬಹುದು. ಅಮೆರಿಕದ್ದು 5 ಮಿ.ಲೀ.ಗೆ 160, ಅದರಲ್ಲಿ 5.6 ಮಿ.ಲೀ. ಸಾಕು. 250ರದ್ದಾದರೆ 3.6. ಮಿ.ಲೀ.ಗೇ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ 1.8 ಮಾತ್ರ; ಹಳೆಯ ಅಭ್ಯಾಸದಲ್ಲಿ 7.5 ಮಿ.ಲೀ. ಹಾಕಿದರೆ 750 ಮಿಲಿಗ್ರಾಂ ಹೋಯಿತು. ಅದಕ್ಕೇ ಮಿ.ಲೀ. ನೆನಪಿಟ್ಟುಕೊಳ್ಳಬೇಡ, ಮಿಲಿಗ್ರಾಂ ನೆನಪಿಟ್ಟುಕೊಂಡು ಹೊಸ ಬಾಟಲಿ ಬಂದಾಗಲೆಲ್ಲ ಲೆಕ್ಕ ಹಾಕು. ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆಗೆ ಬರುವ ಸಿರಿಂಜಿನಲ್ಲೇ ಅಳೆ.

ಇಂಥದ್ದೇ ಇನ್ನೊಂದು, ನಾವು ಬಂದಾಗ ಅಪ್ಪನ ಇನ್ಸುಲಿನ್. ಅವರ ವಯಲ್ ಯು-40, ಅಂದರೆ ಮಿ.ಲೀ.ಗೆ 40 ಯೂನಿಟ್; ಅಲ್ಲಿ ಸಿಗುವುದು ಯು-100, ಮಿ.ಲೀ.ಗೆ 100. ಇಲ್ಲಿಂದ ತಂದ ಸಿರಿಂಜಿನಲ್ಲಿ 20ರ ಗೆರೆವರೆಗೆ ಅಲ್ಲಿಯ ಇನ್ಸುಲಿನ್ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಅಲ್ಲಿ ವಯಲ್ ಕೊಳ್ಳಬೇಕಾಗಿ ಬಂದರೆ ಸಿರಿಂಜನ್ನೂ ಅಲ್ಲಿಯೇ ಕೊಂಡು, ಹಳೆಯದನ್ನು ಅಂದೇ ಬಿಸಾಡಿಬಿಡು.

ಇಲ್ಲಿಂದ ಕೊರಿಯರ್‌ನಲ್ಲಿ ಕಳಿಸಿ ಎನ್ನಬೇಡ. ಅಂಚೆಯಲ್ಲಿ ಬರುವ ಔಷಧಿಯನ್ನು ಹಲವು ದೇಶಗಳ ಕಸ್ಟಮ್ಸ್ ಹಿಡಿದಿಡುತ್ತದೆ, ದಾರಿಯ ಬಿಸಿಲಿಗೆ ಥೈರಾಯ್ಡ್ ಮಾತ್ರೆಯ ಶಕ್ತಿಯೂ ಕುಂದುತ್ತದೆ. ಕೈಯಲ್ಲಿ ತರುವುದಾದರೂ ಮೂಲ ಡಬ್ಬಿ, ಚೀಟಿ ಸಮೇತ ತರಬೇಕು. ಕೊಡೀನ್, ಟ್ರಮಡಾಲ್ ಎಂಬ ನೋವಿನ ಔಷಧಿ ಇರುವುದಕ್ಕೆ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಮೊದಲೇ ಅನುಮತಿ ಬೇಕು. ಶೇ. 10ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಔಷಧಿಯನ್ನು ಜಪಾನ್ ಒಳಗೇ ಬಿಡುವುದಿಲ್ಲ.

ಡಾಕ್ಟರ ಅಪಾಯಿಂಟ್‌ಮೆಂಟ್ ಯಾವತ್ತು ಸಿಕ್ಕಿತು ತಿಳಿಸು. ಹೊಸ ಡಬ್ಬಿ ಬಂದ ಮೇಲೆ, ಔಷಧಿಯ ಹೆಸರು, ಮೈಕ್ರೋಗ್ರಾಂ ಇರುವ ಬದಿಯ ಫೋಟೋ ತೆಗೆದು ಕಳಿಸು. ಮಗುವಿನ ತೂಕವನ್ನೂ ಒಮ್ಮೆ ನೋಡಿಬಿಡು, 12 ಎನ್ನುವುದು ಹಳೆಯ ಲೆಕ್ಕ.

ನಿನ್ನ,
ಅಮ್ಮ